ಸಹಾಯ ಬೇಕು: ಆಕ್ಸಿಜನ್ ಪ್ರಯೋಗದಲ್ಲಿ ಹತ್ತಿ ಸುಡ್ತಿದೆ

ಪ್ರೌಢಶಾಲೆ ಲ್ಯಾಬಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಕಾಯಿಸಿ ಆಕ್ಸಿಜನ್ ತಯಾರಿಸ್ತೀವಿ. ಗಟ್ಟಿ ಗಾಜಿನ ಪ್ರನಾಳಕ್ಕೆ 2 ಗ್ರಾಂ ಪುಡಿ, ಬಾಯಿ ತುಸು ಕೆಳಕ್ಕೆ, ಸ್ಪಿರಿಟ್ ಲ್ಯಾಂಪಿನ ಉರಿ. ಬರೋ ಅನಿಲವನ್ನ ನಳಿಕೆ ಮೂಲಕ ನೀರಿನ ತೊಟ್ಟಿಗೆ ಬಿಟ್ಟು ಹಿಡೀತೀವಿ. ಮುಗಿದ ಮೇಲೆ ಮೊದಲು ನಳಿಕೆಯನ್ನ ನೀರಿಂದ ಹೊರತೆಗೆದು ಆಮೇಲೇ ದೀಪ ಆರಿಸೋದು, ಹಾಗಾಗಿ ತಣ್ಣೀರು ಒಳಗೆಳೆದು ಪ್ರನಾಳ ಸೀಳೋ ಭಯ ಇಲ್ಲ.

ತೊಂದರೆ ಇರೋದು ಬಾಯಿ ಹತ್ರ ಇಡೋ ಹತ್ತಿಯಲ್ಲಿ. ಇಡದಿದ್ರೆ ನಯವಾದ ಪುಡಿ ಹಾರಿ ತೊಟ್ಟಿ ನೀರೆಲ್ಲ ನೇರಳೆ. ಇಟ್ರೆ ಅದರ ಒಳ ಅಂಚು ಕಂದಾಗಿ ಸುಡುತ್ತೆ. ಸುತ್ತ ಆಕ್ಸಿಜನ್ ತುಂಬಿರುವಾಗ ಅದು ಹೊತ್ತಿಕೊಂಡ್ರೆ ಮಕ್ಕಳ ಗತಿ? ಹತ್ತಿಯನ್ನ ಪುಡಿಯಿಂದ ದೂರ ಸರಿಸಿದ್ದಾಯ್ತು, ಉರಿ ತಗ್ಗಿಸಿದ್ದೂ ಆಯ್ತು.

ಈಗ ಹತ್ತಿ ಬದಲು ಗಾಜಿನ ಉಣ್ಣೆ (ಗಾಜಿನ ನವಿರಾದ ಎಳೆಗಳ ಮುದ್ದೆ, ಗ್ಲಾಸ್ ವೂಲ್) ಹಾಕೋಣ ಅಂತಿದೆ. ಬಿಗಿಯಾದ್ರೆ ಅನಿಲ ಕಟ್ಟಿಕೊಂಡು ಬಿರಡೆ ಚಿಮ್ಮುತ್ತೆ, ಸಡಿಲವಾದ್ರೆ ಪುಡಿ ನುಸುಳುತ್ತೆ. ಬಳಸಿದವರು ಹೇಳಿ: ಎಷ್ಟು ಉದ್ದ, ಎಷ್ಟು ಸಡಿಲವಾಗಿ ತುಂಬಬೇಕು?