ಶಾಭಾಸ್ ಅನ್ನಲಿಕ್ಕೆ ಲೆಕ್ಕ ಸರಿ ಇರಬೇಕಾಗಿಲ್ಲವಾ?

ಧಾರವಾಡದ ಲೆಕ್ಕದ ಮಾಸ್ತರ:
ಅಮೆರಿಕದ ಡಾಲಸ್ ಹತ್ತಿರ ಮಗನ ಮನೆಯಲ್ಲಿ ಐದು ತಿಂಗಳು ಇದ್ದು, ಹೋದ ವಾರ ಸಪ್ತಾಪುರಕ್ಕೆ ವಾಪಸ್ ಬಂದೆ. 34 ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನು ನಾನು. ಮೊಮ್ಮಗ ಅಲ್ಲಿ ಮೂರನೇ ಗ್ರೇಡು. ಒಂದು ಸಂಜೆ ಹೋಮ್‌ವರ್ಕ್ ಹಿಡಿದು ಕೂತಿದ್ದ. ‘ಏಳೆಂಟ್ಲೆ ಎಷ್ಟೋ?’ ಅಂದೆ. ಬಾಯಿ ಬಿಡಲಿಲ್ಲ. ಪೆನ್ಸಿಲ್ ತಗೊಂಡು ಏಳು ಸಾಲು ಚುಕ್ಕೆ ಇಟ್ಟ, ಸಾಲಿಗೆ ಎಂಟು. ಎಣಿಸಿ 55 ಅಂದ. ಮರುದಿನ ಆ ಹಾಳೆ ಶಾಲೆಯಿಂದ ನಗುವ ಸ್ಟಿಕರ್ ಹಚ್ಚಿಕೊಂಡು ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಇನ್ನೊಮ್ಮೆ ಎಣಿಸು’. ನಾನಾಗಿದ್ದರೆ ತಪ್ಪಿದ ಆ ಒಂದು ಚುಕ್ಕೆಗೆ ಒಂದು ಏಟು ಜಮಾ ಮಾಡುತ್ತಿದ್ದೆ.

ಆಮೇಲೆ ಪಾಲಕರ ಭೇಟಿ. 15 ನಿಮಿಷ, ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಹಚ್ಚಿ ಕೂತೆವು. ಟೀಚರ್ ಮೊದಲು ಕೇಳಿದ್ದೇ, ‘ನಿಮ್ಮ ಹುಡುಗನಿಗೆ ಏನು ಇಷ್ಟ?’ ಮಗ ನನ್ನ ಮುಖ ನೋಡಿದ. ನಾನು ‘ಶೇಂಗಾ ಹೋಳಿಗೆ’ ಅಂದೆ. ಆಕೆ ಖುಷಿಯಿಂದ ಬರೆದುಕೊಂಡಳು. ಒಳಗೆ ಏನಿರುತ್ತೆ ಅಂತ ಮಗ ಹೇಳಿದ ಮೇಲೆ ಮುಖದ ನಗು ಹೋಯಿತು. ಕ್ಲಾಸಿನಲ್ಲಿ ಇನ್ನೊಬ್ಬ ಹುಡುಗನಿಗೆ ಶೇಂಗಾ ಅಲರ್ಜಿಯಂತೆ, ಶಾಲೆಗೆ ತರಲೇಬಾರದಂತೆ. ಶೇಂಗಾ ಚಟ್ನಿ ಇಲ್ಲದೆ ನಾವು ರೊಟ್ಟಿ ಮುರಿಯುವುದಿಲ್ಲ!

34 ವರ್ಷದಲ್ಲಿ ‘ಏನು ಇಷ್ಟ’ ಅಂತ ನಾನು ಒಬ್ಬ ತಂದೆಯನ್ನೂ ಕೇಳಿದ್ದಿಲ್ಲ. ‘ನಿಮ್ಮ ಮಗ ಕತ್ತೆ ಕಾಯಲಿಕ್ಕೆ ಲಾಯಕ್ಕು’ ಅಂತ ಹೇಳಿ ಕಳಿಸುತ್ತಿದ್ದೆ. ಅವರು ಕೈ ಮುಗಿದು ಹೋಗುತ್ತಿದ್ದರು.

ಅಲ್ಲಿ ಮಕ್ಕಳನ್ನು ಓದಿಸಿದವರು ಹೇಳ್ರಿ. ಹೀಗೆ ಹೊಗಳುತ್ತಾ ಹೋದರೆ ಲೆಕ್ಕ ಬರುತ್ತಾ?

ಹುಬ್ಬಳ್ಳಿಯವಳು, ಈಗ ಆಸ್ಟಿನ್:
ಸರ್, ‘ಗುಡ್ ಜಾಬ್’ ಅಂದರೆ ನಮ್ಮ ‘ಹೂಂ’ ಇದ್ದ ಹಾಗೆ. ‘ಇಂಟರೆಸ್ಟಿಂಗ್’ ಅಂದರೆ ಮಾತ್ರ ಹೆದರಬೇಕು! ಟೆಕ್ಸಾಸಿನಲ್ಲಿ ಮೂರನೇ ಗ್ರೇಡಿನಿಂದಲೇ ಸ್ಟಾರ್ ಅಂತ ರಾಜ್ಯದ ಪರೀಕ್ಷೆ ಇದೆ, ಅಲ್ಲಿ ಸ್ಟಿಕರ್ ನಡೆಯುವುದಿಲ್ಲ. ನನಗೆ ಸೋಜಿಗ ಬೇರೆ. ಹುಬ್ಬಳ್ಳಿಯಲ್ಲಿ ಸರ್ಕಾರಿ ಶಾಲೆ ಬೇಡ ಅಂತ ಅಪ್ಪ ಸಾಲ ಮಾಡಿ ಫೀ ಕಟ್ಟಿದರು. ಇಲ್ಲಿ ಒಳ್ಳೆ ಸರ್ಕಾರಿ ಶಾಲೆ ಇರುವ ಏರಿಯಾ ಬೇಕು ಅಂತ ನಾವು ಸಾಲ ಮಾಡಿ ಮನೆ ತಗೊಂಡಿದ್ದೇವೆ. ಈ ರಾಜ್ಯದಲ್ಲಿ ಸಂಬಳಕ್ಕೆ ರಾಜ್ಯದ ಟ್ಯಾಕ್ಸ್ ಇಲ್ಲ ಅಂತ ಖುಷಿಪಟ್ಟಿದ್ದೆವು. ಮನೆ ಟ್ಯಾಕ್ಸ್ ಬಿಲ್ ಬಂದಾಗ ಗೊತ್ತಾಯಿತು. ಅದರಲ್ಲಿ ದೊಡ್ಡ ಪಾಲು ಶಾಲೆಗೇ ಹೋಗುತ್ತೆ.

ಗದಗಿನ ಅಪ್ಪ:
ಮಾಸ್ತರರೇ, ನಿಮ್ಮನ್ನು ಕುರ್ಚಿ ಕೊಟ್ಟಾದರೂ ಕೂರಿಸಿದರಲ್ಲ. ಮಗಳು ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮಾರ್ಕ್ಸ್ ಎಷ್ಟು ಅಂತ ಕಾಲೇಜಿಗೆ ಈ-ಮೇಲ್ ಹಾಕಿದೆ. 1974ರ ಕಾನೂನು ಇದೆಯಂತೆ, ಕಾಲೇಜಿಗೆ ಸೇರಿದ ಮೇಲೆ ಆ ದಾಖಲೆಯ ಹಕ್ಕು ವಿದ್ಯಾರ್ಥಿಯದಂತೆ, ಅವಳ ಒಪ್ಪಿಗೆ ತಗೊಂಡು ಬರ್ರಿ ಅಂದರು. ಫೀ ಬಿಲ್ ಕಳಿಸುವಾಗ ಮಾತ್ರ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಬ್ಯಾಂಕಿನವ, ಹಾವೇರಿ:
ನಾನು ಏಟು ತಿಂದು ಕಲಿತವನು. 17ರ ಮಗ್ಗಿ ನಿದ್ದೆಯಲ್ಲೂ ಹೇಳುತ್ತೇನೆ. ಅದು ಯಾಕೆ ಹಾಗೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚುಕ್ಕೆ ಇಡುವ ಹುಡುಗನ ಬಗ್ಗೆ ಸುಮ್ನೆ ಚಿಂತೆ ಮಾಡಬೇಡಿ.

ಧಾರವಾಡದ ಲೆಕ್ಕದ ಮಾಸ್ತರ:
ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಮತ್ತೆ ಏಳೆಂಟ್ಲೆ ಕೇಳಿದೆ. ‘ಅಜ್ಜಾ, ಎಂಟೆಂಟ್ಲೆ 64 ನನಗೆ ಗೊತ್ತು. ಒಂದು ಸಾಲು ಅಳಿಸಿದೆ, 56’ ಅಂದ. ಆ ದಾರಿ ನಾನು ಹೇಳಿಕೊಟ್ಟದ್ದಲ್ಲ. ‘ಹೂಂ’ ಅಂದೆ. ಪಕ್ಕದಲ್ಲಿ ನಮ್ಮಾಕೆ, ‘ಶಾಭಾಸ್ ಅನ್ನಾಕ ರೊಕ್ಕ ಕೊಡಬೇಕೇನ್ರೀ?’ ಅಂದಳು.