‘ಒಗ್ಗುವ ಪುಟ’ ಎಂದರೆ ಆದೀತೇ?

ಬಳಗದವರಿಗೆ ನಮಸ್ಕಾರ.

ಜಾಲತಾಣಗಳು ಮೊಬೈಲಿನಲ್ಲಿ ಹೇಗೆ ಕಾಣುತ್ತವೆ, ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಇಷ್ಟು ದಿನ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಈ ಸಲ ಒಂದು ಕಚೇರಿಯವರು ವರದಿ ಕನ್ನಡದಲ್ಲೇ ಬೇಕು ಎಂದರು. ಖುಷಿಯಿಂದ ಒಪ್ಪಿಕೊಂಡು ಎರಡನೆಯ ಪುಟದಲ್ಲೇ ಎಡವಿದೆ.

‘ರೆಸ್ಪಾನ್ಸಿವ್’ ಎಂಬುದಕ್ಕೆ ‘ಸ್ಪಂದನಶೀಲ’ ಎಂದು ಹಾಕಿದ್ದೆ. ‘ನಿಮ್ಮ ತಾಣ ಸ್ಪಂದನಶೀಲವಾಗಿಲ್ಲ’ ಎಂಬ ವಾಕ್ಯ ಓದಿದ ಅಲ್ಲಿನ ಹಿರಿಯ ಅಧಿಕಾರಿ ನೇರವಾಗಿ ಫೋನು ಮಾಡಿದರು. “ಬಂದ ದೂರಿಗೆಲ್ಲ ವಾರದೊಳಗೆ ಉತ್ತರ ಕೊಡುತ್ತಿದ್ದೇವೆ ಸ್ವಾಮಿ, ನಾವು ಸ್ಪಂದಿಸುವುದಿಲ್ಲ ಎಂದು ನಿಮಗೆ ಯಾರು ಹೇಳಿದರು?” ಪುಟವು ಫೋನಿನ ಅಗಲಕ್ಕೆ ತಕ್ಕಂತೆ ತನ್ನನ್ನು ತಾನು ಹೊಂದಿಸಿಕೊಳ್ಳುತ್ತಿಲ್ಲ, ಒಂದು ಸಾಲು ಓದಲು ಅಡ್ಡಡ್ಡ ಎಳೆದಾಡಬೇಕಾಗಿದೆ, ನಾನು ಹೇಳಿದ್ದು ಅಷ್ಟೇ ಎಂದು ಸಮಾಧಾನಪಡಿಸಲು ಹತ್ತು ನಿಮಿಷ ಹಿಡಿಯಿತು. ತಪ್ಪು ಅವರದಲ್ಲ. ಕನ್ನಡದಲ್ಲಿ ಶಾಸಕರು ಜನರ ಕಷ್ಟಕ್ಕೆ ಸ್ಪಂದಿಸುತ್ತಾರೆ, ರೋಗಿ ಚಿಕಿತ್ಸೆಗೆ ಸ್ಪಂದಿಸುತ್ತಾನೆ. ಪರದೆಯ ಅಗಲಕ್ಕೆ ಯಾರಾದರೂ ಸ್ಪಂದಿಸಿದ್ದನ್ನು ನಾನಂತೂ ಕೇಳಿಲ್ಲ.

ಮೂಲ ಪದ ಹುಟ್ಟಿದ್ದು ಹೇಗೆ ಎಂದು ನೋಡಿದರೆ ತೊಡಕು ಇನ್ನಷ್ಟು ತಿಳಿಯಾಗುತ್ತದೆ. 2007ರಲ್ಲಿ ಐಫೋನ್ ಬಂದಾಗ ಅದರ ಸಫಾರಿ ಬ್ರೌಸರು ಯಾವ ಪುಟವನ್ನಾದರೂ 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ, ಅದನ್ನು ಕುಗ್ಗಿಸಿ ತೋರಿಸುತ್ತಿತ್ತು. ನಾವು ಎರಡು ಬೆರಳಿನಿಂದ ಹಿಗ್ಗಿಸಿ ಓದುತ್ತಿದ್ದೆವು. ಕೆಲವರು ಮೊಬೈಲಿಗೆಂದೇ ‘ಎಂ’ ಅಕ್ಷರದಿಂದ ಶುರುವಾಗುವ ಬೇರೆ ವಿಳಾಸದಲ್ಲಿ ಬೇರೆ ತಾಣವನ್ನೇ ಇಟ್ಟುಕೊಂಡಿದ್ದರು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕರು ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಬರೆದು, ಒಂದೇ ಪುಟ ಎಲ್ಲ ಪರದೆಗೂ ತಕ್ಕಂತೆ ರೂಪ ಬದಲಿಸಲಿ ಎಂದರು. ಅದಕ್ಕೆ ಈ ಹೆಸರಿಟ್ಟರು. ಹೆಸರನ್ನು ಅವರು ತಂದದ್ದು ವಾಸ್ತುಶಿಲ್ಪದಿಂದ. ಒಳಗೆ ಬಂದ ಜನರನ್ನು ನೋಡಿಕೊಂಡು ಗೋಡೆಗಳೇ ಬಾಗುವ, ಜಾಗವೇ ಬದಲಾಗುವ ಕಟ್ಟಡಗಳ ಬಗ್ಗೆ ಅಲ್ಲಿ ಆ ಪದ ನಡೆಯುತ್ತಿತ್ತು. ನಾವು ಕನ್ನಡಕ್ಕೆ ಪದವನ್ನು ತಂದೆವು, ಕಟ್ಟಡವನ್ನು ಅಲ್ಲೇ ಬಿಟ್ಟೆವು.

‘ಮೊಬೈಲ್‌ಸ್ನೇಹಿ’ ಎಂದು ಬರೆಯಬಹುದಲ್ಲ ಎನ್ನುತ್ತೀರಿ. 2015ರ ಏಪ್ರಿಲ್ 21ರಿಂದ ಗೂಗಲ್ ಮೊಬೈಲಿನ ಹುಡುಕಾಟದಲ್ಲಿ ಅಂಥ ಪುಟಗಳನ್ನು ಮುಂದಕ್ಕೆ ತರಲು ತೊಡಗಿದ ಮೇಲೆ ಆ ಮಾತು ಎಲ್ಲೆಡೆ ಹಬ್ಬಿತು. ಆದರೆ ಬೇರೆ ವಿಳಾಸದ ಹಳೆಯ ಮಾದರಿಯ ತಾಣವೂ ಮೊಬೈಲ್‌ಸ್ನೇಹಿಯೇ. ತಾಣ ಚೆನ್ನಾಗಿದೆ ಎಂದು ಹೇಳಲು ಸಾಕು, ಹೇಗೆ ಕಟ್ಟಿದ್ದಾರೆ ಎಂದು ಹೇಳಲು ಸಾಲದು. ಪರಿಸರಸ್ನೇಹಿ, ರೈತಸ್ನೇಹಿ, ಜನಸ್ನೇಹಿ ಎಂದು ಸ್ನೇಹ ಈಗಾಗಲೇ ಬೇಕಾದಷ್ಟು ಅಗ್ಗವಾಗಿದೆ, ಅದು ಬೇರೆ ಮಾತು. ‘ಹೊಂದಾಣಿಕೆ’ಯನ್ನು ರಾಜಕೀಯದವರು ಸೀಟು ಹಂಚಿಕೊಳ್ಳಲು ಬಳಸಿ ಸವೆಸಿದ್ದಾರೆ.

ನನಗೆ ಹೊಳೆದದ್ದು ‘ಒಗ್ಗು’. ‘ಆ ಊರಿನ ನೀರು ನನಗೆ ಒಗ್ಗಲಿಲ್ಲ’ ಎನ್ನುತ್ತೇವಲ್ಲ, ಅದೇ. ‘ಈ ಪುಟ ಸಣ್ಣ ಪರದೆಗೆ ಒಗ್ಗುತ್ತದೆ’, ‘ಈ ಕೋಷ್ಟಕ ಒಗ್ಗುವುದಿಲ್ಲ’. ಪರಿಶೀಲನೆ ಮಾಡುವವನಿಗೆ ಹೊಗಳುವುದಕ್ಕಿಂತ ಕೊರತೆ ಹೇಳುವ ಸಂದರ್ಭವೇ ಹೆಚ್ಚು; ‘ಸ್ಪಂದನಶೀಲವಲ್ಲದ’ ಎನ್ನುವಲ್ಲಿ ‘ಒಗ್ಗದ’ ಎಂದರೆ ಮುಗಿಯಿತು. ಒಂದು ಅನುಮಾನವಿದೆ. ಒಗ್ಗುವುದು ಎಂದರೆ ದಿನ ಕಳೆದಂತೆ ರೂಢಿಯಾಗುವುದು ಎಂಬ ಛಾಯೆಯೂ ಇದೆ. ಪುಟ ಒಗ್ಗುವುದು ಕ್ಷಣದಲ್ಲಿ, ಫೋನನ್ನು ಅಡ್ಡ ತಿರುಗಿಸಿದಾಗಲೇ. ಓದುವವರಿಗೆ ಈ ಛಾಯೆ ಅಡ್ಡ ಬರುತ್ತದೆಯೇ? ಬೇರೆ ಬೇರೆ ಕಡೆಯವರು ಹೇಳಬೇಕು.

ಎರಡನೆಯದು ‘ಕ್ಲಿಕ್ಕಿಸಿ’. ಮೌಸ್ ಇಲ್ಲದ ಫೋನಿನಲ್ಲಿ ಕ್ಲಿಕ್ ಎಲ್ಲಿಂದ ಬರಬೇಕು ಎಂದು ‘ಒತ್ತಿ’ ಎಂದು ಬದಲಿಸಿದೆ. ನಮ್ಮ ಅತ್ತೆಯವರ ಕೈಗೆ ಫೋನು ಕೊಟ್ಟು, “ಇಲ್ಲಿ ಒತ್ತಿ” ಎಂದೆ. ಅವರು ಹೆಬ್ಬೆರಳನ್ನು ಊರಿ, ಅಂಗಡಿಯ ಕಾಗದಕ್ಕೆ ಹೆಬ್ಬೆಟ್ಟು ಹಾಕುವಂತೆ ಒತ್ತಿಯೇ ಒತ್ತಿದರು. ಪುಟ ತೆರೆಯಲಿಲ್ಲ, ‘ಹೊಸ ಟ್ಯಾಬ್‌ನಲ್ಲಿ ತೆರೆಯಿರಿ’ ಎಂಬ ಪಟ್ಟಿ ಮೇಲೆದ್ದಿತು. “ತಟ್ಟಿ” ಎಂದಾಗ ಒಂದೇ ಸಲಕ್ಕೆ ಆಯಿತು. ಹಾಗಾಗಿ ನನ್ನ ವರದಿಯಲ್ಲಿ ಇನ್ನು ‘ತಟ್ಟಿ’ಯೇ, ‘ಒತ್ತಿ ಹಿಡಿಯಿರಿ’ ಎಂಬುದು ಬೇರೆ ಕ್ರಿಯೆ. ಗುಂಡಿಗಳು ತೀರ ಸಣ್ಣವಾಗಿ, ಒಂದಕ್ಕೊಂದು ಅಂಟಿಕೊಂಡಿದ್ದರೆ ‘ಬೆರಳಿಗೆ ಇಂಬಿಲ್ಲ’ ಎಂದು ಬರೆಯುತ್ತಿದ್ದೇನೆ. ಆಪಲ್ ತನ್ನ ವಿನ್ಯಾಸಕರಿಗೆ ಹೇಳುವ ಅಳತೆ 44 ಪಾಯಿಂಟ್. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ 2023ರ ಮಾರ್ಗಸೂಚಿ ಕನಿಷ್ಠ 24 ಪಿಕ್ಸೆಲ್ ಕೇಳುತ್ತದೆ. ‘ಇಂಬು’ ಈಗಿನವರಿಗೆ ಅರ್ಥವಾಗದು ಎಂದು ಸಹೋದ್ಯೋಗಿಯೊಬ್ಬರು ತಕರಾರು ತೆಗೆದಿದ್ದಾರೆ. ನಾನು ಒಪ್ಪಿಲ್ಲ.

ಮೂರನೆಯದಕ್ಕೆ ನನ್ನ ಬಳಿ ಪದವೇ ಇಲ್ಲ. ಇಂಗ್ಲಿಷ್ ಪರಿಶೀಲನಾ ಪಟ್ಟಿಗಳಲ್ಲಿ ಈ ದೋಷ ನನಗೆ ಕಂಡದ್ದೂ ಇಲ್ಲ. ಅರ್ಜಿಯ ಪುಟವೊಂದರ ಕೊನೆಯಲ್ಲಿ ಎರಡು ಗುಂಡಿಗಳಿದ್ದವು: ‘ಸಲಿಸಿ’, ‘ರದು’. ಕಾಗುಣಿತದ ತಪ್ಪು ಎಂದು ಗುರುತು ಹಾಕಲು ಹೊರಟವನು ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದೆ. ‘ಲಿ’ಯ ಕೆಳಗೆ, ಗುಂಡಿಯ ಅಂಚಿನಲ್ಲಿ, ಇರುವೆಯ ಕಾಲಿನಷ್ಟು ಮಸಿ ಕಂಡಿತು. ‘ಸಲ್ಲಿಸಿ’ಯ ಒತ್ತು, ‘ರದ್ದು’ವಿನ ಒತ್ತು ಎರಡೂ ಗುಂಡಿಯೊಳಗೆ ಹಿಡಿಸದೆ ತುಂಡಾಗಿದ್ದವು. ಗುಂಡಿಯ ಎತ್ತರವನ್ನು ರೋಮನ್ ಅಕ್ಷರಕ್ಕೆ ಸಾಕಾಗುವಷ್ಟಕ್ಕೆ ಬಿಗಿಮಾಡಿ, ಹೊರಗೆ ಚಾಚಿದ್ದನ್ನು ಮರೆಮಾಡು ಎಂದು ಪುಟದ ಕೋಡಿನಲ್ಲಿ ಬರೆದಿದ್ದರು. ಅಲ್ಲಿ ಕೆಳಗಿಳಿಯುವುದು ಜಿ, ವೈ, ಪಿ ಇಂಥ ಕೆಲವು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಇಡೀ ಇನ್ನೊಂದು ವ್ಯಂಜನವೇ ಕೆಳಗೆ ಕೂರುತ್ತದೆ. ಅದೇ ಪುಟದ ‘ರಾಷ್ಟ್ರೀಯತೆ’ಯ ಪಾಡನ್ನು ನಾನು ಹೇಳಬೇಕಾಗಿಲ್ಲ.

ಇದಕ್ಕೆ ಒಂದು ಹೆಸರಿದ್ದರೆ ವರದಿಯಲ್ಲಿ ಒಂದು ಕಲಮು ಮಾಡಬಹುದು. ‘ಒತ್ತು ಕಡಿದಿದೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ‘ಒತ್ತು’ ಎಂದರೆ ಅದುಮುವುದು ಎಂದೂ ಆಗುವುದರಿಂದ ಗುಂಡಿಯ ವಿಷಯದಲ್ಲಿ ಅದೂ ಗೊಂದಲವೇ. ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಜೋಡಿಸಿದ ಹಿರಿಯರು ಬಳಗದಲ್ಲಿ ಯಾರಾದರೂ ಇದ್ದೀರಾ? ಮೊಳೆಯ ಒತ್ತು ಮುರಿದಾಗ, ಸವೆದಾಗ ಕರಡು ತಿದ್ದುವವರು ಅಂಚಿನಲ್ಲಿ ಏನೆಂದು ಬರೆಯುತ್ತಿದ್ದರು? ಮುಂದಿನ ಸೋಮವಾರ ವರದಿ ಕೊಡಬೇಕು.