ಮಿಗ್ ಮೇಲೊಂದು ಬೆಣ್ಣೆ ಬೆರಳು

"ಇದೇನಪಾ, ಗೇಟಿಗೆ ಹೊಡೆದು ಉಳಿದ ಸಿಲ್ವರ್ ಬಳಿದ ಹಾಗಿದೆ?"

ಡ್ಯೂಕೋ ಅಣ್ಣ ವಿಮಾನವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಪಿ.ಬಿ. ರಸ್ತೆಯ ಪಕ್ಕದ ಅವನ ಗ್ಯಾರೇಜಿನ ಮುಂದೆ ಒಂದು ಉದ್ದ ಬೆಂಚಿದೆ. ಸಂಜೆ ಆರರ ಮೇಲೆ ಅದು ನಮ್ಮದು. ನಾನು, ಡ್ಯೂಕೋ ಅಣ್ಣ, ಫಿಸಿಕ್ಸ್ ಹೇಳಿ ರಿಟೈರ್ ಆದ ಮೇಷ್ಟ್ರು, ಮತ್ತೆ ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಗೆಳೆಯ. ಅವನನ್ನು ನಾವು ದುರ್ಗದವ ಅಂತಲೇ ಕರೆಯುತ್ತೇವೆ. ನಡುವೆ ಪೇಪರಿನಲ್ಲಿ ಮಂಡಕ್ಕಿ-ಮೆಣಸಿನಕಾಯಿ.

ಅಣ್ಣನ ಕೈಯಲ್ಲಿದ್ದದ್ದು ನನ್ನ ಮಿಗ್-21. ಒಂದು ಗೇಣುದ್ದದ ಪ್ಲಾಸ್ಟಿಕ್ ವಿಮಾನ, ನಿಜವಾದದ್ದರ 72ರಲ್ಲಿ ಒಂದು ಪಾಲು. ಎರಡು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದೆ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ವಿಮಾನ ಅದು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. ಟಿವಿಯಲ್ಲಿ ಅದನ್ನು ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಬಂದ ಹೊಸದರಲ್ಲಿ ಇದ್ದ ಹಾಗೆ, ಬಣ್ಣ ಬಳಿಯದ ಲೋಹದ ಮೈಯಲ್ಲಿ ಒಂದು ಮಾಡೋಣ ಅಂತ ಹೊರಟೆ. ಹೊರಟವನಿಗೆ ಸಿಕ್ಕಿದ್ದು ಗೇಟು.

"ಸಿಲ್ವರ್ ಒಳ್ಳೇದೇ ಅಣ್ಣ, ಹೊರದೇಶದ್ದು," ಅಂದೆ.

"ಸಿಲ್ವರ್ ಕಥೆ ಯಾರು ಕೇಳಿದ್ರು? ಕೆಳಗೆ ಏನು ಹೊಡೆದೆ?"

"ಬೂದು ಪ್ರೈಮರ್."

ಅಣ್ಣ ವಿಮಾನವನ್ನು ಬೆಂಚಿನ ಮೇಲೆ ಇಟ್ಟ. ಡಾಕ್ಟರು ಎಕ್ಸ್‌ರೇ ಕೆಳಗಿಡುವ ಹಾಗೆ. "ಹೊಳಪು ಸಿಲ್ವರಿನಲ್ಲಿ ಇರಲ್ಲಪ್ಪ. ಅದರ ಕೆಳಗಿನ ಕಪ್ಪಿನಲ್ಲಿರುತ್ತೆ. ಹೊಳೆಯುವ ಗ್ಲಾಸಿ ಕಪ್ಪು ಹೊಡಿ. ಅದರಲ್ಲಿ ನಿನ್ನ ಮುಖ ಕಾಣಬೇಕು. ಆಮೇಲೆ ಸಿಲ್ವರ್ ಮಾತು."

ಅಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದ. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಡ್ಯೂಕೋ ಅನ್ನೋ ಲ್ಯಾಕರ್, ಅಂದರೆ ಬೇಗ ಒಣಗುವ ಬಣ್ಣ, ತಂದಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಪೇಂಟಿಂಗು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ನಮ್ಮೂರ ಗ್ಯಾರೇಜುಗಳಲ್ಲಿ ಈಗಲೂ ಗಾಡಿಗೆ ಗನ್ನಲ್ಲಿ ಹೊಡೆಯೋದೆಲ್ಲ ಡ್ಯೂಕೋನೇ, ಡಬ್ಬಿಯ ಮೇಲೆ ಯಾವ ಹೆಸರೇ ಇರಲಿ.

"ಕಪ್ಪು ಯಾಕೆ? ಬಿಳೀದು ಹೊಡೆದರೆ ಇನ್ನೂ ಬೆಳ್ಳಗೆ ಕಾಣಲ್ವಾ?" ಅಂದ ದುರ್ಗದವ.

ಮೇಷ್ಟ್ರು ಇದಕ್ಕೇ ಕಾಯುತ್ತಿದ್ದರು. ಮಂಡಕ್ಕಿ ಬಾಯಲ್ಲಿದ್ದದ್ದರಿಂದ ಅರ್ಧ ನಿಮಿಷ ತಡವಾಯಿತು, ಅಷ್ಟೇ. "ಬೆಳ್ಳಗೆ ಕಾಣುತ್ತೆ. ಸುಣ್ಣದ ಹಾಗೆ. ಆ ಬಣ್ಣದಲ್ಲಿ ಇರೋದು ಅಲ್ಯೂಮಿನಿಯಂ ಚೂರುಗಳು. ಕೋಟು ಎಷ್ಟು ತೆಳು ಅಂದರೆ ಸಂದಿಯಲ್ಲಿ ಬೆಳಕು ಕೆಳಗೆ ಇಳಿಯುತ್ತೆ. ಕೆಳಗೆ ಬಿಳಿ ಇದ್ದರೆ ಅದನ್ನು ಎತ್ತೆತ್ತಲೋ ಚೆಲ್ಲಿ ಕಳಿಸುತ್ತೆ, ಮಬ್ಬಾಗುತ್ತೆ. ಕಪ್ಪು ಇದ್ದರೆ ನುಂಗಿ ಸುಮ್ಮನಾಗುತ್ತೆ. ಆಮೇಲೆ ಚೂರುಗಳು ಚಾಪೆ ಹಾಸಿದ ಹಾಗೆ ಮಲಗಬೇಕು. ನೆಲ ನುಣ್ಣಗಿದ್ದರೆ ಮಲಗುತ್ತವೆ. ಒರಟಾಗಿದ್ದರೆ ಒಂದು ಕೂರುತ್ತೆ, ಒಂದು ನಿಲ್ಲುತ್ತೆ."

"ನಮ್ಮ ಬಸ್ಸಿನ ಹಾಗೆ," ಅಂದ ದುರ್ಗದವ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಮಂಡಕ್ಕಿ ಪೇಪರಿನ ಎಣ್ಣೆ ಹತ್ತದ ಮೂಲೆಯಲ್ಲಿ ಲೆಕ್ಕ ಹಾಕಿದರು. ಮಾಡೆಲ್ ಮೇಲೆ 0.1 ಮಿಲಿಮೀಟರಿನ ಒಂದು ಕಾಳು ಧೂಳು. 72ರಿಂದ ಗುಣಿಸು. 7.2 ಮಿಲಿಮೀಟರ್. "ಅಂದರೆ ನಿಜವಾದ ಮಿಗ್ ಮೇಲೆ ಕಡಲೆಕಾಳು ಅಂಟಿಸಿ ಬಣ್ಣ ಹೊಡೆದ ಹಾಗೆ. ನಿನ್ನ ರೆಕ್ಕೆಯ ಮೇಲೆ ಎಷ್ಟು ಕಡಲೆ ಇದೆ ನೋಡು."

ನೋಡಿದೆ. ಒಂದು ಸೇರು ಇತ್ತು.

ಅವತ್ತು ಒಪ್ಪಿಕೊಂಡೆ. ಒಪ್ಪಿದ್ದರಲ್ಲಿ ಒಂದು ತಪ್ಪೂ ಇತ್ತು. "ಇದನ್ನು ಹೆಂಗೆ ತೆಗೆಯೋದು ಅಣ್ಣ?" ಅಂತ ಕೇಳಿದ್ದಕ್ಕೆ, "ಥಿನ್ನರ್‌ನಲ್ಲಿ ಅದ್ದು, ಹತ್ತು ನಿಮಿಷಕ್ಕೆ ಬಿಡುತ್ತೆ" ಅಂದ. ಅವನು ಜೀವಮಾನವಿಡೀ ತಗಡು ಕಂಡವನು. ಪ್ಲಾಸ್ಟಿಕ್ ವಿಷಯ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಗ್ಯಾರೇಜಿನ ಥಿನ್ನರ್‌ಗೆ ಈ ಮಾಡೆಲ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಂದರೆ ಚಹಾಕ್ಕೆ ಬಿಸ್ಕತ್ತು ಇದ್ದ ಹಾಗೆ. ಹತ್ತು ನಿಮಿಷಕ್ಕೆ ಬಣ್ಣ ಬಿಟ್ಟಿತು. ಬಾಲವೂ ಬಿಟ್ಟಿತು. ಡಬ್ಬಿಯಿಂದ ಎತ್ತಿದಾಗ ಮಿಗ್-21 ಬೇಸಿಗೆಯಲ್ಲಿ ಜೇಬಿನಲ್ಲಿಟ್ಟ ಚಾಕಲೇಟಿನ ಹಾಗೆ ಬಾಗಿತ್ತು.

"ವೀರಮರಣ," ಅಂದರು ಮೇಷ್ಟ್ರು.

ಎರಡನೇ ಕಿಟ್ ತರಿಸಿದೆ. ಈ ಸಲ ಶಿಸ್ತು. ಜೋಡಿಸಿದ ಸಂದಿಗಳಿಗೆ ಪುಟ್ಟಿ. ವಾಟರ್ ಪೇಪರ್ ಅನ್ನೋ ಉಜ್ಜುವ ಕಾಗದ, ಮೊದಲು 1000 ನಂಬರಿನದು, ಆಮೇಲೆ ಇನ್ನೂ ನುಣುಪಿನ 1500, ಆಮೇಲೆ 2000, ನೀರು ಹಾಕಿ ಹಾಕಿ ಉಜ್ಜಿದೆ. ಪ್ಲಾಸ್ಟಿಕ್ಕನ್ನು ಒಣ ಬಟ್ಟೆಯಲ್ಲಿ ಒರೆಸಬೇಡ ಅಂದಿದ್ದರು ಮೇಷ್ಟ್ರು. ಉಜ್ಜಿದರೆ ಕರೆಂಟ್ ಹುಟ್ಟಿ ಧೂಳನ್ನು ಕರೆದು ಕೂರಿಸಿಕೊಳ್ಳುತ್ತೆ, ಒದ್ದೆ ಬಟ್ಟೆ ವಾಸಿ. ಬಣ್ಣ ಹೊಡೆಯುವ ಜಾಗ ನಮ್ಮ ಬಚ್ಚಲುಮನೆ. ಮೊದಲು ಗಾಳಿಯಲ್ಲಿ ಒಂದಿಷ್ಟು ನೀರು ಚಿಮುಕಿಸಿದರೆ ತೇಲುವ ಧೂಳು ಕೆಳಗೆ ಕೂರುತ್ತೆ. ಬೆಳಗ್ಗೆ ಎಂಟಕ್ಕೆ ಬಚ್ಚಲು ಹಿಡಿದರೆ ಮನೆಯಲ್ಲಿ ಏನಾಗುತ್ತೆ ಅನ್ನೋದು ಬೇರೆ ಹರಟೆ.

ಕಪ್ಪು ಎನಾಮೆಲ್ ಚೆನ್ನಾಗಿ ಕೂತಿತು. ಆದರೆ ಅದು ಪೂರ್ತಿ ಒಣಗದೆ ಮೇಲೆ ಲ್ಯಾಕರ್ ಸಿಲ್ವರ್ ಬಿದ್ದರೆ ಕೆರೆಯ ಒಣಗಿದ ಕೆಸರಿನ ಹಾಗೆ ಬಿರುಕು. ಒಣಗಿತೋ ಇಲ್ಲವೋ ಅಂತ ಮುಟ್ಟಿ ನೋಡುವಂತಿಲ್ಲ. ಮೂಸಿ ನೋಡಬೇಕು. ವಾಸನೆ ಬಂದರೆ ಇನ್ನೂ ಹಸಿ. ನಾಲ್ಕು ದಿನ ಬೆಳಗ್ಗೆ ಸಂಜೆ ಮೂಸಿದೆ. ನಾಲ್ಕನೇ ದಿನ ನಮ್ಮನೆಯವಳು ಬಾಗಿಲಲ್ಲಿ ನಿಂತಿದ್ದಳು. "ನನ್ನ ಸಾರನ್ನು ಒಂದು ದಿನ ಹಿಂಗೆ ಮೂಸಿದ್ದೀರಾ?" ಅಂದಳು.

ಈಗ ಗನ್ನಿನ ಪಾಠ. ಅಣ್ಣ ಹೇಳಿದ್ದು ಇಷ್ಟು: ಗಾಳಿಯ ಒತ್ತಡ 12ರಿಂದ 15 ಪಿ.ಎಸ್.ಐ., ಜಾಸ್ತಿ ಬೇಡ. ಎರಡು ಮೂರು ಇಂಚು ದೂರ. ಒಂದೇ ಸಲ ದಪ್ಪಗೆ ಹೊಡೆದರೆ ಚೂರುಗಳು ತೇಲಿ ಒಂದು ಕಡೆ ಗುಡ್ಡೆಯಾಗುತ್ತವೆ, ಅದಕ್ಕೇ ಮಂಜು ಹಾಯಿಸಿದ ಹಾಗೆ ಐದಾರು ಕೋಟು. ದುರ್ಗದವನಿಗೆ ಥಟ್ಟನೆ ಅರ್ಥವಾಯಿತು. "ಓಬವ್ವನ ಕಿಂಡಿ! ಹೈದರಾಲಿ ಸೈನಿಕರು ಒಬ್ಬೊಬ್ಬರೇ ತೂರಿ ಬಂದರಲ್ಲ, ಹಂಗೆ. ಗುಂಪಾಗಿ ಬಂದರೆ ಕಿಂಡಿ ಕಟ್ಟಿಕೊಳ್ಳುತ್ತೆ." ಹೋಲಿಕೆ ಚೆನ್ನಾಗಿದೆ, ಆ ಕಡೆ ಒನಕೆ ಹಿಡಿದು ನಿಂತವರು ಯಾರು ಅಂತ ನಾನು ಕೇಳಲಿಲ್ಲ. ಬಚ್ಚಲ ಬಾಗಿಲ ಹೊರಗೆ ನಿಂತಿದ್ದರು.

ಹವೆಯೂ ನೋಡಬೇಕು. ಏಪ್ರಿಲ್‌ನ ನಮ್ಮೂರ ಮಧ್ಯಾಹ್ನ ಹೊಡೆದರೆ ಬಣ್ಣ ದಾರಿಯಲ್ಲೇ ಒಣಗಿ ಹುಡಿಯಾಗಿ ಬೀಳುತ್ತೆ. ಮಳೆ ಹಿಡಿದಾಗ ಹೊಡೆದರೆ ಇನ್ನೊಂದು ಕಾಟ: ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂತು ಹಾಲಿನ ಕೆನೆಯಂಥ ಮಬ್ಬು ಕಟ್ಟುತ್ತೆ.

ಎಲ್ಲ ಸರಿಯಾಗಿ, ಒಳ್ಳೆ ಬಿಸಿಲು ಬಿದ್ದ ಭಾನುವಾರ. ಬೆಳಗ್ಗೆ ಬೆಣ್ಣೆ ದೋಸೆ ತಿಂದು ಬಂದೆ. ಎರಡು. ಆಮೇಲೆ ಇನ್ನೊಂದು. ಕೈ ತೊಳೆದೆ ಅಂತಲೇ ನನ್ನ ನೆನಪು. ಸಿಲ್ವರ್ ಮೊದಲ ಕೋಟು ಹೋಯಿತು, ಎರಡನೆಯದು ಹೋಯಿತು. ಮೂರನೆಯದಕ್ಕೆ ಎಡರೆಕ್ಕೆಯ ಮೇಲೆ ನಿಧಾನಕ್ಕೆ ಎದ್ದು ಬಂತು. ಸುತ್ತು, ಗೆರೆ, ಸುಳಿ ಸಮೇತ ನನ್ನ ಹೆಬ್ಬೆಟ್ಟು.

"ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಇಷ್ಟು ಚೆನ್ನಾಗಿ ಬೀಳಲ್ಲ," ಅಂದರು ಮೇಷ್ಟ್ರು, ಸಂಜೆ ಫೋಟೋ ನೋಡಿ.

"ಜಿಡ್ಡಿನ ಮೇಲೆ ಬಣ್ಣ ಹಿಡಿಯಲ್ಲ. ಗ್ಲೌಸ್ ಹಾಕ್ಕೋಬೇಕು," ಅಂದ ಅಣ್ಣ. ಅಂದವನ ಕೈಯಲ್ಲಿ ಮೆಣಸಿನಕಾಯಿಯ ಎಣ್ಣೆ ಮೊಣಕೈವರೆಗೆ ಇಳಿದಿತ್ತು.

ದುರ್ಗದವ ಸುಲಭದ ದಾರಿ ಹುಡುಕಿದ. "ಅಷ್ಟೆಲ್ಲ ಯಾಕೆ? ಚಪಾತಿ ಸುತ್ತುವ ಫಾಯಿಲ್ ಅಂಟಿಸಿಬಿಡು." ನಾವು ನಕ್ಕೆವು, ಮೇಷ್ಟ್ರು ನಗಲಿಲ್ಲ. ಫಾಯಿಲ್ ಮಂದವನ್ನು 72ರಿಂದ ಗುಣಿಸಿದರೆ ಸುಮಾರು 1 ಮಿಲಿಮೀಟರ್, ವಿಮಾನದ ತಗಡಿಗೆ ಹತ್ತಿರವೇ ಆಯಿತು ಅಂದರು. ಎಷ್ಟೋ ಜನ ಹಾಗೆ ಮಾಡುತ್ತಾರೆ ಕೂಡ. ಒಂದೊಂದು ತಗಡಿನಷ್ಟೇ ತುಂಡು ಕತ್ತರಿಸಿ, ಅಂಟು ಹಚ್ಚಿ, ಹತ್ತಿ ಕಡ್ಡಿಯಲ್ಲಿ ಉಜ್ಜಿ ಕೂರಿಸುತ್ತಾರೆ. ನಾನೂ ಹಳೇ ಮಿಗ್‌ನ ಮೂತಿಯ ಮೇಲೆ ಒಂದು ತುಂಡು ಅಂಟಿಸಿ ನೋಡಿದೆ. ಉರುಟು ಜಾಗದಲ್ಲಿ ಕಡುಬಿನ ಅಂಚಿನ ಹಾಗೆ ನಿರಿಗೆ ಬಿತ್ತು.

ಎಡರೆಕ್ಕೆಯನ್ನು ಮತ್ತೆ 2000ರಲ್ಲಿ ಉಜ್ಜಿದೆ. ಮತ್ತೆ ಕಪ್ಪು. ಮತ್ತೆ ನಾಲ್ಕು ದಿನ ಮೂಸಾಟ. ಈ ಸಲ ಗ್ಲೌಸು. ಮೇಲೆ ವಾರ್ನಿಷ್ ಹೊಡೆಯಲಿಲ್ಲ, ಹೊಡೆದರೆ ಇದ್ದ ಹೊಳಪೂ ಮಂಕಾಗುತ್ತೆ.

ಮುಂದಿನ ವಾರ ಬೆಂಚಿಗೆ ತಂದೆ. ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ನಿಜವಾದ ಮಿಗ್ ಅಷ್ಟು ಹೊಳೆಯಲ್ಲ, ಒಂದೊಂದು ತಗಡು ಒಂದೊಂದು ಬಣ್ಣ, ಹಿಂದಿನ ಕೊಳವೆ ಸುಟ್ಟು ಕಂದಾಗಿರುತ್ತೆ. ಗೊತ್ತು. ಒಂದು ದಿನ ಹೊಳೆಯಲಿ ಬಿಡಿ.

ಯಾರೂ ಮುಟ್ಟಲಿಲ್ಲ. ಅಣ್ಣ ಕೈ ಹಿಂದೆ ಕಟ್ಟಿಕೊಂಡು ನೋಡಿದ. ಮೇಷ್ಟ್ರು ಕನ್ನಡಕ ಏರಿಸಿ ರೆಕ್ಕೆಯ ಬುಡಕ್ಕೆ ಬಗ್ಗಿದರು.

"ಮುಖ ಕಾಣುತ್ತೆ ಕಣಯ್ಯಾ!" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಮೂಗು ಮುಟ್ಟಿ ನೋಡಿಕೊಂಡರು. "ನನ್ನ ಮೂಗು ಇಷ್ಟು ಸೊಟ್ಟ ಇದೆಯಾ?"

ಅಣ್ಣ ಹತ್ತಿರ ಬಂದು ಒಂದು ಕಣ್ಣು ಮುಚ್ಚಿದ.

"ನಿಮ್ಮ ಮೂಗು ಸರಿಯಾಗೇ ಇದೆ ಮೇಷ್ಟ್ರೇ. ಇವನು ಪುಟ್ಟಿ ಉಜ್ಜಿದ್ದು ಸೊಟ್ಟ."